ಹೊರಗಿಟ್ಟ ಹಾಲು

ಅಧಿಕಾರಿ ಬಂದು ಹೇಳಿದಾಗ ಒಲೆಯ ಮೇಲೆ ಹಾಲಿತ್ತು.

ಆತನ ಹೆಸರು ಹೊಂಬಳ. ಸೈನ್ಯಕ್ಕೆ ಹುಡುಗರನ್ನು ಭರ್ತಿ ಮಾಡಿಕೊಳ್ಳುವುದೂ ಆತನದೇ ಕೆಲಸ, ಸತ್ತವರ ಸುದ್ದಿಯನ್ನು ಮನೆಗೆ ಮುಟ್ಟಿಸುವುದೂ ಆತನದೇ ಕೆಲಸ. ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೊಸ್ತಿಲ ಹೊರಗೇ ನಿಂತು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. "ತಮ್ಮ ಪತಿ ಫಕೀರೇಶ ಅವರು ಹೊಳೆಯಾಚೆಯ ಗುಡ್ಡದ ಮೇಲೆ ಶತ್ರುವಿನೊಡನೆ ಶೌರ್ಯದಿಂದ ಹೋರಾಡುತ್ತ, ತಾಯ್ನಾಡಿನ ಹೆಸರು ಹೇಳುತ್ತ, ನಗುನಗುತ್ತ ಪ್ರಾಣ ಅರ್ಪಿಸಿದ್ದಾರೆ." ಅಡುಗೆಮನೆಯಲ್ಲಿ ಸಣ್ಣದೊಂದು ಸದ್ದಾಯಿತು. ಹೋಗಿ ನೋಡಿದೆ. ಹಾಲು ಒಡೆದಿತ್ತು. ಗಡ್ಡೆ ಒಂದು ಕಡೆ, ತಿಳಿಹಸಿರು ನೀರು ಒಂದು ಕಡೆ.

ನನ್ನ ಅತ್ತೆ ಕಲ್ಲವ್ವ ಬೆನ್ನ ಹಿಂದೆಯೇ ಬಂದು ಪಾತ್ರೆಯಲ್ಲಿ ಇಣುಕಿದರು. ಆಮೇಲೆ ಬಾಗಿಲಿಗೆ ಹೋಗಿ ಹೊಂಬಳನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಲ ಒಡದೈತ್ರಿ ಸಾಹೇಬ್ರ," ಎಂದರು. "ನನ್ನ ಮಗ ಸತ್ತಿಲ್ಲ. ನೀವು ಹೋಗಿ ಬರ್ರಿ."

ಆತ ಟೋಪಿ ಹಾಕಿಕೊಂಡು ಹೊರಟುಹೋದ.

ನಮ್ಮೂರಿನ ಹಾಲು ಹಾಗೆ. ಅದರ ಮುಂದೆ ಸುಳ್ಳು ಹೇಳಿದರೆ ಒಡೆಯುತ್ತದೆ. ಮದುವೆ ಮಾತಾಡಲು ಬರುವ ದಲ್ಲಾಳಿಗಳು ಕರಿ ಚಹಾ ಕುಡಿಯುತ್ತಾರೆ. ಕೋರ್ಟಿನ ಕಂಪೌಂಡಿನೊಳಗೆ ಹಾಲಿನ ಚಹಾ ಮಾರಿ ದಿವಾಳಿಯಾದವರನ್ನು ನಾನೇ ನೋಡಿದ್ದೇನೆ. ಮಿಠಾಯಿ ಅಂಗಡಿಯ ಗುರುಪಾದಪ್ಪ ಮಾತ್ರ ತನ್ನ ಕಡಾಯಿಯನ್ನು ಬೇಕೆಂದೇ ಪಕ್ಷದ ಆಫೀಸಿನ ಪಕ್ಕ ಹೂಡಿದ್ದಾನೆ. ಚುನಾವಣೆ ಬಂತೆಂದರೆ ನಮ್ಮಲ್ಲಿ ಒಡೆದ ಹಾಲಿನ ಕಲಾಕಂದ ಸೋವಿಯಾಗುತ್ತದೆ. ಮನೆಗಳಲ್ಲಿ ಇದಕ್ಕೊಂದು ರೂಢಿ ಇದೆ. ಎದುರಿನವರಿಗೆ ನೋವಾಗಬಾರದೆಂದು ಏನಾದರೂ ಹೇಳಬೇಕಾದಾಗ, ಮೊದಲು ಎದ್ದು ಹಾಲನ್ನು ಹೊರಗಿಟ್ಟು ಬರುತ್ತಾರೆ. ಹೊರಗಿಟ್ಟದ್ದನ್ನು ಎದುರಿನವರೂ ನೋಡಿರುತ್ತಾರೆ. ಆದರೂ ಕೇಳಿಸಿಕೊಳ್ಳುತ್ತಾರೆ.

ನಾನು ಈ ಮನೆಗೆ ಬಂದ ಹೊಸತರಲ್ಲಿ ಸಾರು ಮಾಡಿ, ಹೇಗಾಗಿದೆ ಎಂದು ಫಕೀರೇಶನನ್ನು ಕೇಳಿದ್ದೆ. ಅವನು ಕೈ ತೊಳೆದುಕೊಂಡು ಎದ್ದು, ಗೂಡಿನಲ್ಲಿದ್ದ ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ಒಯ್ದಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಮತ್ತೆ ಬಂದು ಎಲೆಯ ಮುಂದೆ ಕೂತು, "ಬಾಳ ಚಲೋ ಆಗೇತಿ," ಎಂದ. ಮೈದುನ ಮಾಲತೇಶನಿಗೆ ನಗು ತಡೆಯದೆ ಅನ್ನ ನೆತ್ತಿಗೇರಿತು. ನಾನು ಓದಿದ ವಿಶ್ವವಿದ್ಯಾಲಯದ ಊರಿನಲ್ಲಿ ಹಾಲು ಬರೀ ಹಾಲು. ಅಲ್ಲಿ ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿ ಇಲ್ಲಿಗೆ ಬಂದವಳಿಗೆ, ಹೊರಗೆ ಒಯ್ದಿಟ್ಟ ಪಾತ್ರೆಯ ಅರ್ಥ ಆಗ ಪೂರ್ತಿ ತಿಳಿದಿರಲಿಲ್ಲ.

ಅಣ್ಣ ತಮ್ಮ ಸೇರಿ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದರು. ಸುಟ್ಟ ಮೋಟಾರುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಮ್ಮ ಸೈನ್ಯ ಹೊಳೆ ದಾಟಿ ಆಚೆಯವರ ನೆಲಕ್ಕೆ ಕಾಲಿಟ್ಟ ವಾರವೇ ಮೆಕ್ಯಾನಿಕ್‌ಗಳು ಬೇಕು ಎಂದು ಜೀಪಿನಲ್ಲಿ ಸಾರಿಕೊಂಡು ಹೋದರು. ಅದಕ್ಕೆ ಯುದ್ಧ ಎನ್ನುವ ಹಾಗಿರಲಿಲ್ಲ. ಶಾಂತಿ ಕಾರ್ಯ ಎನ್ನಬೇಕಿತ್ತು. ಮುಂದೆ ಹೋಗುವುದಿಲ್ಲ, ಹಿಂದೆಯೇ ಡೇರೆಯಲ್ಲಿ ಕೂತು ಲಾರಿ ರಿಪೇರಿ ಮಾಡುವುದು ಎಂದರು. ಹೋಗದವರ ಅಂಗಡಿಗೆ ಕರೆಂಟು ಬರುವುದು ನಿಂತಿತು. ಫಕೀರೇಶ ಹೋದ.

ಹೊರಡುವ ಬೆಳಿಗ್ಗೆ ಅತ್ತೆ ಹಾಲು ಕಾಯಿಸಿ ಅವನ ಮುಂದೆಯೇ ಇಟ್ಟುಕೊಂಡು ಕೂತರು. "ತಿರುಗಿ ಬರ್ತೀಯೇನೋ?" ಎಂದು ಕೇಳಿದರು.

"ಸುಗ್ಗಿಗೆ ಬರ್ತೀನವಾ."

ಹಾಲು ಒಡೆಯಲಿಲ್ಲ. ಅತ್ತೆ ಅದಕ್ಕೆ ಸಕ್ಕರೆ ಹಾಕಿ ಅವನಿಗೆ ಕುಡಿಸಿ, ನಗುತ್ತ ಕಳಿಸಿಕೊಟ್ಟರು. ಆ ಬೆಳಿಗ್ಗೆ ಊರಿನ ತಾಯಂದಿರೆಲ್ಲ ಹೀಗೇ ಮಾಡಿದರು. ಯಾರ ಮನೆಯಲ್ಲೂ ಹಾಲು ಒಡೆಯಲಿಲ್ಲ. ಅದಕ್ಕೇ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಅಳಲಿಲ್ಲ. ಬಂದಿದ್ದ ಪತ್ರಿಕೆಯವರು ಅದರ ಫೋಟೋ ತೆಗೆದುಕೊಂಡು, ಮಗಂದಿರನ್ನು ಹರ್ಷದಿಂದ ಬೀಳ್ಕೊಟ್ಟ ಊರು ಎಂದು ಅಚ್ಚು ಹಾಕಿದರು. ಹಾಲಿಗೆ ನಾಳೆಯ ಸಂಗತಿ ಗೊತ್ತಿರುವುದಿಲ್ಲ. ಹೇಳುವವನ ಮನಸ್ಸಿನಲ್ಲಿ ಏನಿದೆ ಎಂಬುದಷ್ಟೇ ಗೊತ್ತು. ಅವನು ಬರುತ್ತೇನೆಂದು ನಂಬಿದ್ದ. ನನಗೆ ಅದು ತಿಳಿದಿತ್ತು. ತಿಳಿದೂ ನಾನೂ ಆ ಪಾತ್ರೆಯ ಕಡೆಗೇ ನೋಡಿದೆ, ನಾನೂ ಅಳಲಿಲ್ಲ.

ಸುಗ್ಗಿಯ ಹೊತ್ತಿಗೆ ಹೊಂಬಳ ಬಂದ.

ಅತ್ತೆಯ ಪ್ರಕಾರ ಹಾಲು ಒಡೆದದ್ದಕ್ಕೆ ಒಂದೇ ಅರ್ಥ. ನಾನು ಬಿಡಿಸಿ ಹೇಳಲು ನೋಡಿದೆ. "ಅತ್ತಿ, ಆತ ಹೇಳಿದ್ದು ಒಂದ ಮಾತಲ್ಲ. ಗುಡ್ಡ ಅಂದ, ಶತ್ರು ಅಂದ, ಶೌರ್ಯ ಅಂದ, ನಕ್ಕೋತ ಸತ್ತರು ಅಂದ. ಅದರಾಗ ಯಾವದೊಂದು ಸುಳ್ಳಾದ್ರೂ ಹಾಲು ಒಡೀತೈತಿ. ಸತ್ತಿದ್ದ ಸುಳ್ಳು ಅಂತ ಹೆಂಗ ಹೇಳೂದು?"

"ನಿನ್ನ ಓದು ನಿನ್ನ ಹತ್ರ ಇರಲಿ," ಎಂದರು ಅತ್ತೆ. "ಗಂಡ ಸಾಯಲಿ ಅಂತ ಲೆಕ್ಕಾ ಹಾಕಾಕ ಕಲಿಸ್ಯಾರೇನ ಅಲ್ಲೆ?"

ಮರುದಿನ ಅವರು ಬಳೆಗಾರ್ತಿಯನ್ನು ಮನೆಗೇ ಕರೆಸಿ, ನನ್ನ ಕೈ ತಾವೇ ಹಿಡಿದು, ಹಸಿರು ಬಳೆ ತೊಡಿಸಿದರು. ಅಕ್ಕಪಕ್ಕದವರು ನನ್ನನ್ನು ಕಂಡರೆ ಏನು ಮಾತಾಡಬೇಕೆಂದು ತಿಳಿಯದೆ ನಲ್ಲಿ ನೀರಿನ ವಿಷಯ ಮಾತಾಡುತ್ತಿದ್ದರು. ಅರಿಶಿನ ಕುಂಕುಮಕ್ಕೆ ಕೆಲವರು ಕರೆದರು, ಕೆಲವರು ಕರೆಯಲಿಲ್ಲ. ನನಗೆ ಅಳು ಬರಲಿಲ್ಲ. ಯಾವುದಕ್ಕೆ ಎಂದು ಅಳುವುದು? ಬೆಳಿಗ್ಗೆ ಏಳುತ್ತಿದ್ದೆ, ಕಸ ಹೊಡೆಯುತ್ತಿದ್ದೆ, ಕೈ ಆಡಿಸಿದಾಗಲೆಲ್ಲ ಬಳೆ ಸದ್ದು ಮಾಡುತ್ತಿತ್ತು.

ಆಮೇಲೆ ಜೀಪುಗಳು ಹೆಚ್ಚಾದವು. ಮೇಲೆ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿದವು. ಆಚೆಯ ಜನ ನಮ್ಮವರ ಮೇಲೆ ಹೂವು ಚೆಲ್ಲುತ್ತಿದ್ದಾರೆ ಎಂದು ಒಂದು ದಿನ. ಒಂದು ಮನೆಯ ಗೋಡೆಗೂ ಗುಂಡು ತಾಕಿಲ್ಲ ಎಂದು ಇನ್ನೊಂದು ದಿನ. ಜೀಪು ಹೋದ ದಾರಿಯುದ್ದಕ್ಕೂ ಹಾಲು ಒಡೆಯುತ್ತಿತ್ತು. ಮೊದಮೊದಲು ಗುರುಪಾದಪ್ಪ ಖುಷಿಪಟ್ಟ. ಬಿಟ್ಟಿ ಬಂದ ಗಡ್ಡೆಯಿಂದ ಕಡಾಯಿಗಟ್ಟಲೆ ಕಲಾಕಂದ ಮಾಡಿದ. ಬರಬರುತ್ತ ಊರಿಗೆ ಸಿಹಿ ಕಂಡರೆ ವಾಕರಿಕೆ ಬರತೊಡಗಿತು. ಕೂಸುಗಳಿಗೆ ಗಂಜಿ ಕುಡಿಸಿದರು. ನಮ್ಮ ಓಣಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡಿದ್ದ ಹುಸೇನಬಿ, "ಎಮ್ಮೀಗೆ ಅರಳಿ ಇಡತೇನವಾ ಕಿವಿಗೆ," ಎಂದು ಹೇಳಿಕೊಂಡು ಓಡಾಡಿದಳು. ಅಂದರೆ ಎಮ್ಮೆಯ ಕಿವಿಗೆ ಹತ್ತಿ. ನಗಲು ಆಗ ಎಲ್ಲರಿಗೂ ಏನಾದರೂ ಬೇಕಿತ್ತು.

ನಿವೃತ್ತ ಪೋಸ್ಟ್‌ಮನ್ ಒಬ್ಬರು ನಾಲ್ಕು ರಸ್ತೆ ಕೂಡುವಲ್ಲಿ ಗಾಜಿನ ಲೋಟದಲ್ಲಿ ಹಾಲು ಹಿಡಿದು ನಿಲ್ಲಲು ಸುರುಮಾಡಿದರು. ಘೋಷಣೆ ಇಲ್ಲ, ಫಲಕ ಇಲ್ಲ. ಜೀಪು ಬರುವವರೆಗೆ ಹಾಲು ಬೆಳ್ಳಗಿರುತ್ತಿತ್ತು, ಹೋದಮೇಲೆ ಒಡೆದಿರುತ್ತಿತ್ತು. ಅವರು ಅದನ್ನು ಗಟಾರಕ್ಕೆ ಚೆಲ್ಲಿ ಲೋಟ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ಕೆಲವು ದಿನ ಕಳೆದಮೇಲೆ ಒಂದು ಸಂಜೆ ಲೋಟ ಮಾತ್ರ ಕಟ್ಟೆಯ ಮೇಲಿತ್ತು. ಅವರೆಲ್ಲಿ ಎಂದು ಅವರ ಹೆಂಡತಿ ಠಾಣೆಗೆ ಹೋಗಿ ಕೇಳಿದರೆ, "ಇಲ್ಲಿ ಯಾರೂ ಬಂದಿಲ್ಲ," ಎಂದರಂತೆ. ಆಕೆಯ ಸೆರಗಿನೊಳಗೆ ಹಾಲಿತ್ತೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ.

ಶತ್ರುಗಳು ಮೇವಿನಲ್ಲಿ ಏನೋ ಬೆರೆಸಿದ್ದಾರೆ, ಅದಕ್ಕೇ ಹಾಲು ಕೆಟ್ಟಿದೆ ಎಂದು ಸರ್ಕಾರ ಹೇಳಿತು. ಮನೆಮನೆಗೂ ಹಾಲಿನ ಪುಡಿಯ ಡಬ್ಬಿ ಕೊಟ್ಟಿತು. ಆ ಹಾಲು ಯಾವುದಕ್ಕೂ ಒಡೆಯುವುದಿಲ್ಲ. ಏನು ಬೇಕಾದರೂ ಹೇಳಿ, ಸುಣ್ಣದ ನೀರಿನ ಹಾಗೆ ತೆಪ್ಪಗಿರುತ್ತದೆ. ಸಭೆಗಳಲ್ಲಿ ವೇದಿಕೆಯ ಮೇಲೆ ಅದನ್ನೇ ಕಾಯಿಸಿ ಇಟ್ಟುಕೊಂಡು ಭಾಷಣ ಮಾಡತೊಡಗಿದರು. ಕೊನೆಗೆ ಪಾತ್ರೆಯನ್ನು ಬಗ್ಗಿಸಿ ಜನಕ್ಕೆ ತೋರಿಸುವುದು, ಜನ ಚಪ್ಪಾಳೆ ತಟ್ಟುವುದು. ಅದು ಡಬ್ಬಿ ಹಾಲೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆ ಎಂಬುದು ವೇದಿಕೆಯ ಮೇಲಿದ್ದವರಿಗೂ ಗೊತ್ತಿತ್ತು. ಎಮ್ಮೆ ಹಾಲನ್ನು ಪೇಟೆಯಲ್ಲಿ ಮಾರಕೂಡದೆಂದು ಕಾನೂನು ಬಂತು. ಹುಸೇನಬಿ ಸಗಣಿ ಬುಟ್ಟಿಯ ಕೆಳಗೆ ಕ್ಯಾನು ಇಟ್ಟುಕೊಂಡು ಮನೆ ಮನೆಗೆ ಬರತೊಡಗಿದಳು.

ಜನ ಸಾಲದೆ ಬಂದಾಗ ಜೀಪಿನ ಮಾತು ಬದಲಾಯಿತು. ನಮ್ಮ ಹುಡುಗರನ್ನು ಆಚೆಯವರು ಸೆರೆ ಹಿಡಿದಿಟ್ಟಿದ್ದಾರೆ, ಬನ್ನಿ, ಬಿಡಿಸಿಕೊಂಡು ಬರೋಣ ಎಂದು ಕೂಗಿದರು.

ಮಾಲತೇಶ ಅವತ್ತು ಅಂಗಡಿಯಿಂದ ಬೇಗ ಬಂದ. ಉಂಡು ಕೈ ತೊಳೆದುಕೊಂಡವನು ಕೈ ಒರೆಸಿಕೊಳ್ಳದೆ ನಿಂತ. "ನಾ ಹೋಗ್ತೀನಿ," ಎಂದ.

"ಎಲ್ಲಿಗೋ?" ಎಂದರು ಅತ್ತೆ. ಗೊತ್ತಿದ್ದೇ ಕೇಳಿದರು.

"ಅಣ್ಣನ್ನ ಕರಕೊಂಡ ಬರಾಕ. ಅಲ್ಲೆ ಯಾವದೋ ಜೈಲಿನ್ಯಾಗ ಕುಂತಿರತಾನ. ಇಲ್ಲೆ ನಾ ಮೋಟಾರ ಸುತ್ತಕೋತ ಕುಂತ್ರ ಹೆಂಗ?"

"ಆತ ಜೈಲಿನ್ಯಾಗ ಅದಾನ ಅಂತ ಯಾರ ಹೇಳಿದ್ರು?" ಎಂದೆ ನಾನು.

"ವೈನಿ, ಹಾಲ ಒಡದದ್ದು ನೀವ ನೋಡೀರಿ."

"ಜೀಪಿನಾವರು ಸೆರೆ ಅಂದಾಗೂ ಒಡೀತಲ್ಲ ಮಾಲತೇಶ."

"ಅವರು ದಿನಾ ಹತ್ತು ಸುಳ್ಳು ಹೇಳ್ತಾರ. ಯಾವದಕ್ಕ ಒಡೀತೋ ಯಾರಿಗ್ಗೊತ್ತು?"

ಅವನು ನನ್ನ ತರ್ಕವನ್ನೇ ನನಗೆ ತಿರುಗಿಸಿ ಕೊಟ್ಟಿದ್ದ. ಅತ್ತೆ ಗೋಡೆಗೆ ಒರಗಿ ಕೂತು ಇಬ್ಬರನ್ನೂ ನೋಡುತ್ತಿದ್ದರು. ಹೋಗು ಎಂದರೆ ಇರುವ ಮಗ ಹೋಗುತ್ತಾನೆ. ಬೇಡ ಎಂದರೆ ಹೋದ ಮಗ ಸತ್ತಿದ್ದಾನೆಂದು ಒಪ್ಪಿದ ಹಾಗಾಗುತ್ತದೆ. "ಭರ್ತಿ ಸಭಾ ಯಾವಾಗಂತ?" ಎಂದಷ್ಟೇ ಕೇಳಿದರು.

"ಬರೂ ಐತವಾರ. ಸಾಲಿ ಮೈದಾನದಾಗ."

ಆ ವಾರದ ನಡುವೆ ಹೊಂಬಳ ಮತ್ತೆ ನಮ್ಮ ಮನೆಗೆ ಬಂದ. ಈ ಸಲ ಜೊತೆಗೊಬ್ಬ ಜವಾನನಿದ್ದ. ಸಾಹೇಬರು ಒಳಗೆ ಕಾಲಿಡುವ ಮೊದಲು ಜವಾನ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡಿ, ಇದ್ದ ಒಂದು ಲೋಟ ಹಾಲನ್ನು ಬಚ್ಚಲಿಗೆ ಸುರಿದು ಬಂದ. ಮನೆಗಳಿಗೆ ಹೋದಾಗಲೆಲ್ಲ ಈಗ ಹೀಗೇ ಮಾಡುತ್ತಾರೆ. ಆಮೇಲೆ ಹೊಂಬಳ ಕುರ್ಚಿಯ ತುದಿಗೆ ಕೂತ. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ಆ ದಿನ ಅದು ಎಷ್ಟನೆಯ ಮನೆಯೋ.

"ಭಾನುವಾರದ ಸಭೆಯಲ್ಲಿ ಹಾಲಿನ ಪಾತ್ರೆಯನ್ನು ವೇದಿಕೆಗೆ ತರುವ ಗೌರವವನ್ನು ತಮಗೆ ಕೊಡಬೇಕೆಂದು ಮೇಲಿನವರ ಅಪೇಕ್ಷೆ," ಎಂದ. "ತಾವು ಓದಿದವರು. ಎರಡು ಮಾತು ಆಡಬೇಕು. ಪತಿ ನಗುನಗುತ್ತ ಹೋದರು, ಈಗ ಮೈದುನನನ್ನೂ ಸಂತೋಷದಿಂದ ಕಳಿಸುತ್ತಿದ್ದೇನೆ ಅಂತ. ಅಷ್ಟೇ ಸಾಕು."

ಜವಾನ ಹಾಲಿನ ಪುಡಿಯ ಹೊಸ ಡಬ್ಬಿಯನ್ನು ನನ್ನ ಮುಂದಿಟ್ಟ.

"ಹಾಲು ಚೆಲ್ಲಿ ಬಂದ್ರಿ, ಈಗ ಹಾಲು ಹಿಡಕೊಂಡ ಬಾ ಅಂತೀರಿ," ಎಂದರು ಅತ್ತೆ ಮೂಲೆಯಿಂದ. "ಒಂದ ಮನಸ್ಸು ಮಾಡ್ರಿ ಸಾಹೇಬ್ರ."

ಹೊಂಬಳ ಅತ್ತೆಯ ಕಡೆ ನೋಡಲಿಲ್ಲ. ನಾನು ಅವನನ್ನೇ ನೋಡುತ್ತಿದ್ದೆ. ಇಡೀ ಊರಿನಲ್ಲಿ ಫಕೀರೇಶನಿಗೆ ಏನಾಯಿತೆಂದು ತಿಳಿದವನು ಇವನೊಬ್ಬ. ತಿಳಿದಿರದಿದ್ದರೆ ಅವತ್ತು ಹಾಲು ಒಡೆಯುತ್ತಿರಲಿಲ್ಲ. ಮೇಲಿನವರು ಹೇಳಿಕೊಟ್ಟದ್ದನ್ನು ನಂಬಿ ಒಪ್ಪಿಸುವವನ ಬಾಯಿಗೆ ಹಾಲು ಒಡೆಯುವುದಿಲ್ಲ. ಆದರೆ ನಿಜವಾದ ಹಾಲಿರುವ ಮನೆಯಲ್ಲಿ ಇವನು ಇನ್ನು ಬಾಯಿ ಬಿಡುವುದಿಲ್ಲ. ಬಾಯಿ ಬಿಡುವುದು ಒಂದೇ ಜಾಗದಲ್ಲಿ, ವೇದಿಕೆಯ ಮೇಲೆ; ಅಲ್ಲಿಗೆ ಹಾಲಿನ ಪಾತ್ರೆಯನ್ನು ತರುವವಳು ನಾನು.

"ಆತ್ರಿ," ಎಂದೆ. "ತರತೀನಿ."

ಅವರು ಹೋದಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ಅವರ ಡಬ್ಬಿ ಹಿಡಕೊಂಡ ಅವರ ಮಾತ ಹೇಳಾಕ ಹೊಂಟೀಯಾ?"

"ಇಲ್ಲ ಅತ್ತಿ. ಕೇಳಾಕ ಹೊಂಟೀನಿ."

ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಬೇಡ ಎನ್ನುತ್ತಾರೆಂದು ಕಾದೆ. ಅವರು ಎದ್ದು ಹೋಗಿ ದೊಡ್ಡ ಹಿತ್ತಾಳೆಯ ಪಾತ್ರೆಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು.

ಭಾನುವಾರ ಬೆಳಿಗ್ಗೆ ಹುಸೇನಬಿ ಹಾಲು ಅಳೆದು ಹಾಕುವಾಗ ಕೈ ತಡೆದಳು. "ಇಷ್ಟು ಯಾಕ ನೀಲವ್ವಾ? ಪಾಯಸೇನು?"

"ಸಭಾಕ್ಕ, ಚಾಚಿ."

ಅವಳು ನನ್ನ ಮುಖ ನೋಡಿದಳು, ಗೂಡಿನಲ್ಲಿ ಸೀಲು ಒಡೆಯದೆ ಕೂತಿದ್ದ ಡಬ್ಬಿಯನ್ನು ನೋಡಿದಳು. "ಯಾ ಅಲ್ಲಾ," ಎಂದು ಮೆಲ್ಲಗೆ ಅಂದಳು. "ನನ್ನ ಎಮ್ಮೀನ ಜೈಲಿಗೆ ಹಾಕಸ್ತೀ ನೀ." ಆಮೇಲೆ ಇನ್ನೊಂದು ಅಳತೆ ಹೆಚ್ಚಿಗೆ ಹಾಕಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋದಳು. ಆ ಬೆಳಿಗ್ಗೆ ಅವಳು ಪ್ರತಿ ಮನೆಯಲ್ಲೂ ಎಂದಿಗಿಂತ ಹೆಚ್ಚು ಹೊತ್ತು ನಿಂತಳೆಂದು ನನಗೆ ಆಮೇಲೆ ತಿಳಿಯಿತು.

ಮೈದಾನ ತುಂಬಿತ್ತು. ವೇದಿಕೆಯ ಎಡಕ್ಕೆ ಭರ್ತಿಯ ಮೇಜು, ಅದರ ಮುಂದೆ ಹುಡುಗರ ಸಾಲು. ಸಾಲಿನಲ್ಲಿ ಮಾಲತೇಶನೂ ಇದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅಣ್ಣನ ಅಂಗಿ ಅದು. ಅತ್ತೆಯನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದರು. ನಾನು ಪಾತ್ರೆ ಹೊತ್ತು ಮೆಟ್ಟಿಲು ಹತ್ತಿದೆ. ಬಿಸಿ ಇನ್ನೂ ಆರಿರಲಿಲ್ಲ. ಬಿಳಿ ಬಟ್ಟೆ ಹಾಸಿದ ಸ್ಟೂಲಿನ ಮೇಲೆ ಇಟ್ಟು ಮೈಕಿನ ಮುಂದೆ ನಿಂತೆ. ಹೊಂಬಳ ಪಕ್ಕದಲ್ಲೇ ನಿಂತಿದ್ದ. ಮೊದಲು ನಾನು, ಆಮೇಲೆ ಅವನು, ಆಮೇಲೆ ಮಂತ್ರಿಗಳು. ಅವನು ಬಾಯಿ ತೆರೆದಮೇಲೆ ಹಾಲು ಉಳಿಯುವುದಿಲ್ಲ. ಕೇಳುವುದಿದ್ದರೆ ಈಗಲೇ.

"ಇದು ಡಬ್ಬಿ ಹಾಲಲ್ಲರಿ," ಎಂದೆ. "ಎಮ್ಮಿ ಹಾಲು."

ಮೈದಾನದ ಸದ್ದು ಅಡಗಿತು. ಜವಾನ ಪಾತ್ರೆಯ ಕಡೆಗೆ ಧಾವಿಸಿದ. ಹೊಂಬಳ ಕೈ ಅಡ್ಡ ಹಿಡಿದು ಅವನನ್ನು ತಡೆದ. ಯಾಕೆ ತಡೆದನೋ ಇವತ್ತಿಗೂ ನನಗೆ ತಿಳಿಯದು. ಅಷ್ಟು ಜನರೆದುರು ಹಾಲು ಚೆಲ್ಲಿಸಿದರೆ ಅದೇ ಉತ್ತರವಾಗುತ್ತದೆಂದು ಹೆದರಿದನೋ, ದಣಿದಿದ್ದನೋ.

ನಾನು ಅವನ ಕಡೆಗೆ ತಿರುಗಿದೆ. "ನನಗ ಗುಡ್ಡ ಬ್ಯಾಡ್ರಿ ಸಾಹೇಬ್ರ. ಶೌರ್ಯ ಬ್ಯಾಡ, ನಕ್ಕಿದ್ದೂ ಬ್ಯಾಡ. ಫಕೀರೇಶ ಸತ್ತಾರೋ ಇಲ್ಲೋ? ಅದೊಂದ ಹೇಳ್ರಿ."

"ತಮ್ಮ ಪತಿ…" ಎಂದು ಶುರು ಮಾಡಿದ. ನಿಲ್ಲಿಸಿದ. ಪಾತ್ರೆಯನ್ನು ನೋಡಿದ. ಮುಂದಿನ ಸಾಲಿನಲ್ಲಿ ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅವನ ಕಣ್ಣು ಅಲ್ಲಿಗೆ ಹೋಗಿ ಅಲ್ಲೇ ನಿಂತಿತು. ಅಷ್ಟು ದಿನ ಪುಸ್ತಕದ ಭಾಷೆಯಲ್ಲಿ ಮಾತಾಡಿದವನು, ತನ್ನ ಮನೆಯಲ್ಲಿ ಮಾತಾಡುವ ಹಾಗೆ, "ಹೌದವಾ," ಎಂದ. "ಸತ್ತಾನ."

ಮೈಕು ಆ ಮಾತನ್ನು ಮೈದಾನದ ಗೋಡೆಯವರೆಗೂ ಒಯ್ಯಿತು.

ಹಾಲು ಸುಮ್ಮನಿತ್ತು. ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿತ್ತು. ಅಂಥ ಬೆಳ್ಳಗಿನ ಹಾಲನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಪಾತ್ರೆ ಎತ್ತಿಕೊಂಡು ಮೆಟ್ಟಿಲಿಳಿದು ಅತ್ತೆಯ ಮುಂದೆ ಹಿಡಿದೆ. ಅವರು ಬಗ್ಗಿ ನೋಡಿದರು. ಸಾಲದೆಂದು ಬೆರಳಿನಿಂದ ಕೆನೆಯನ್ನು ಪಕ್ಕಕ್ಕೆ ಸರಿಸಿ ಕೆಳಗೂ ನೋಡಿದರು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಮಾಲತೇಶ ಸಾಲು ಬಿಟ್ಟು ಬಂದು ಅವರ ಕಾಲ ಹತ್ತಿರ ನೆಲದ ಮೇಲೆ ಕೂತ. ಅಂಗಿಗೆ ಮಣ್ಣಾಯಿತು.

ಇಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು. "ಸಾಹೇಬ್ರ, ನಮ್ಮ ಹುಡುಗ? ಹನಮಂತ?" ತಿರುಗಿ ನೋಡಿದರೆ, ಗಿರಣಿಯವರ ಹೆಂಡತಿ ಸೆರಗಿನೊಳಗಿಂದ ತಂಬಿಗೆ ತೆಗೆದು ಮುಂದೆ ಹಿಡಿದುಕೊಂಡು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು ಎದ್ದಳು. ತಂಬಿಗೆ, ಚರಗಿ, ಮುಚ್ಚಳದ ಡಬ್ಬಿ, ಕೂಸಿನ ಹಾಲಿನ ಬಾಟಲಿ. ಯಾರೂ ಕೂಗಲಿಲ್ಲ. ಹಾಲು ಹಿಡಿದು ನಿಂತರು, ಅಷ್ಟೇ. ಪೋಸ್ಟ್‌ಮನ್ನರ ಹೆಂಡತಿಯ ಕೈಯಲ್ಲಿ ಅದೇ ಗಾಜಿನ ಲೋಟವಿತ್ತು. ದೂರದ ಗೋಡೆಯ ಹತ್ತಿರ ಹುಸೇನಬಿ ಬರಿದಾದ ಕ್ಯಾನಿನ ಮೇಲೆ ಕೂತು, ಇದಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ಆಕಾಶ ನೋಡುತ್ತಿದ್ದಳು.

"ಸೆರೆಯಲ್ಲಿದ್ದಾರೆ, ಕ್ಷೇಮವಾಗಿದ್ದಾರೆ," ಎಂದ ಹೊಂಬಳ. ತಂಬಿಗೆಯ ಹಾಲು ಒಡೆಯಿತು; ಅವಳೊಬ್ಬಳಿಗೆ ಹೇಳಿದ ಸುಳ್ಳಿಗೆ ಅವಳ ಹಾಲು ಮಾತ್ರ ಒಡೆದಿತ್ತು. ಗಿರಣಿಯವರ ಹೆಂಡತಿ ನಡೆದು ಬಂದು ಅದನ್ನು ವೇದಿಕೆಯ ಬುಡಕ್ಕೆ ಚೆಲ್ಲಿದಳು. ಪಕ್ಕದವಳು ತನ್ನ ಚರಗಿಯಿಂದ ಅವಳ ತಂಬಿಗೆಗೆ ಅರ್ಧ ಬಗ್ಗಿಸಿ ಕೊಟ್ಟಳು. "ಇನ್ನೊಮ್ಮೆ ಹೇಳ್ರಿ," ಎಂದಳು ಅವಳು.

ಈ ಸಲ ಅವನು ಕಣ್ಣು ಮುಚ್ಚಿಕೊಂಡು, "ಸತ್ತಾನವಾ," ಎಂದ. ಅದು ಒಡೆಯಲಿಲ್ಲ. ಅವಳು ಅಲ್ಲೇ ಕುಸಿದು ಕೂತಳು, ತಂಬಿಗೆ ಮಾತ್ರ ನೆಟ್ಟಗೆ ಹಿಡಿದಿದ್ದಳು.

ಮೂರನೆಯವಳಿಗೆ, "ನನಗೆ ಗೊತ್ತಿಲ್ಲ ತಾಯಿ," ಎಂದ. ಅದೂ ಒಡೆಯಲಿಲ್ಲ. ಅಷ್ಟರಲ್ಲಿ ಯಾರೋ ಮೈಕಿನ ತಂತಿ ಕಿತ್ತರು. ಮಂತ್ರಿಗಳ ಗಾಡಿ ಹೊರಟಿತು. ಪೊಲೀಸರು ಬಂದರು. ಭರ್ತಿಯ ಮೇಜಿನ ಮುಂದಿನ ಸಾಲು ಕರಗಿಹೋಗಿತ್ತು; ಮೇಜಿನವನು ಒಬ್ಬನೇ ಪೆನ್ನಿನ ಟೋಪಿ ಹಾಕುವುದು ತೆಗೆಯುವುದು ಮಾಡುತ್ತಿದ್ದ. ಹೊಂಬಳನನ್ನು ತೋಳು ಹಿಡಿದು ಜೀಪಿಗೆ ಹತ್ತಿಸಿದರು. ಆಮೇಲೆ ಅವನನ್ನು ಯಾರೂ ಕಂಡಿಲ್ಲ.

ನನ್ನನ್ನೂ ಹಾಲು ಹಿಡಿದು ನಿಂತ ಹೆಂಗಸರನ್ನೂ ಠಾಣೆಯಲ್ಲಿ ಕೂರಿಸಿಕೊಂಡರು. ಕೇಳಿದ್ದನ್ನೇ ಕೇಳಿದರು. ಹಾಲು ಯಾರು ಕೊಟ್ಟರು? ಠಾಣೆಯಲ್ಲಿ ಹಾಲಿರಲಿಲ್ಲ. ನಮ್ಮನೆ ಎಮ್ಮೆಯದು ಎಂದೆ. ನಮಗೆ ಎಮ್ಮೆ ಇಲ್ಲ. ಬರೆದುಕೊಂಡರು. ಅವರಲ್ಲೊಬ್ಬ, ಊರಿನವನೇ, ಬರೆಯುವಾಗ ತಲೆ ಎತ್ತದೆ, "ಎಮ್ಮಿ ಹೆಸರೇನ್ರಿ?" ಎಂದು ಕೇಳಿದ. ನಾನು ಏನೋ ಒಂದು ಹೆಸರು ಹೇಳಿದೆ. ಎಷ್ಟೋ ದಿನಗಳ ಮೇಲೆ ನಗು ಬಂದ ಹಾಗಾಯಿತು, ಪೂರ್ತಿ ಬರಲಿಲ್ಲ. ಅಷ್ಟೊಂದು ಹೆಂಗಸರನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ. ಬೆಳಗಾಗುತ್ತಲೇ ಎಲ್ಲರನ್ನೂ ಬಿಟ್ಟರು.

ಮಾಲತೇಶ ಮತ್ತೆ ಅಂಗಡಿಗೆ ಹೋಗುತ್ತಿದ್ದಾನೆ. ಕರೆಂಟು ಇಲ್ಲ. ಕೈಯಿಂದಲೇ ತಂತಿ ಸುತ್ತುತ್ತಾನೆ. ಮುಂದಿನ ಸಲ ಸಭೆ ಗಿಬೆ ಏನೂ ಇರುವುದಿಲ್ಲ, ಮನೆಯಿಂದಲೇ ಎತ್ತಿಕೊಂಡು ಹೋಗುತ್ತಾರೆ ಎನ್ನುತ್ತಾರೆ. ಇರಬಹುದು. ಅವನಾಗಿಯೇ ಹೋಗುವುದಿಲ್ಲ, ಅಷ್ಟು ಗೊತ್ತು. ಜೀಪು ಈಗಲೂ ಬರುತ್ತದೆ, ಹಾಲು ಈಗಲೂ ಒಡೆಯುತ್ತದೆ. ಜೀಪು ತಿರುಗುವ ಹೊತ್ತು ನೋಡಿಕೊಂಡು ಕಾಯಿಸಿಕೊಳ್ಳುವುದನ್ನು ಊರು ಕಲಿತಿದೆ.

ನನ್ನ ಬಳೆಗಳ ವಿಷಯ ಅತ್ತೆ ಎತ್ತಲಿಲ್ಲ. ನಾನೇ ತೆಗೆಯಲು ಹೋದಾಗ, "ಇರಲಿ ಬಿಡು, ಸಪ್ಪಳ ಇರಲಿ ಮನ್ಯಾಗ," ಎಂದರು. ಮಗನ ಸುದ್ದಿಯನ್ನು ಅವರು ಆಡಲಿಲ್ಲ, ಅಳಲೂ ಇಲ್ಲ. ಎಂದಿನ ಹಾಗೆ ಎದ್ದರು, ಉಂಡರು, ಓಣಿಯವರೊಡನೆ ನೀರಿಗಾಗಿ ಜಗಳಾಡಿದರು.

ಹೋದ ವಾರ ಸಂಜೆ ನಾವಿಬ್ಬರೇ ಇದ್ದೆವು. ಹುಸೇನಬಿ ಕೊಟ್ಟುಹೋಗಿದ್ದ ಹಾಲು ಒಲೆಯ ಮೇಲೆ ಉಕ್ಕಿ ಬಂತು. ಇಳಿಸಿ ಕೆಳಗಿಟ್ಟೆ. ಅತ್ತೆ ಆ ಪಾತ್ರೆಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, ಸೆರಗನ್ನು ಮಡಚಿ ಹಿಡಿದು, ಬಿಸಿ ಪಾತ್ರೆಯನ್ನು ಎತ್ತಿಕೊಂಡು ಅಂಗಳಕ್ಕೆ ನಡೆದರು. ಕಟ್ಟೆಯ ಮೇಲೆ ಇಟ್ಟರು. ಬೆಕ್ಕು ಬಾಯಿ ಹಾಕದಂತೆ ತಟ್ಟೆ ಮುಚ್ಚಿದರು. ಒಳಗೆ ಬಂದು ಬಾಗಿಲು ಮುಂದೆ ಮಾಡಿ ನನ್ನೆದುರು ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

"ಈಗ ಹೇಳು ನೀಲವ್ವಾ," ಎಂದರು. "ಅವಂಗ ಏನೂ ತ್ರಾಸ ಆಗಲಿಲ್ಲ, ಹೌದಿಲ್ಲೋ?"

"ಇಲ್ಲ ಅತ್ತಿ," ಎಂದೆ. "ಅವರಿಗೆ ಏನೂ ಗೊತ್ತಾಗಲಿಲ್ಲ."

"ಹ್ಞೂಂ," ಎಂದರು ಅತ್ತೆ.

ಆಮೇಲೆ ನಾನು ಹೋಗಿ ಹಾಲನ್ನು ಒಳಗೆ ತಂದೆ.